ಹಚ್ಚದ ಬೀಡಿ

ಮೊದಲ ಭೇಟಿಯಲ್ಲೇ ಅವರು ನನ್ನನ್ನು ಗದರಿದ್ದರು. ಅಂಕೋಲಾದಲ್ಲಿ ಮನೆ, ಕಾರವಾರದಲ್ಲಿ ಶಾಲೆ. ದಿನಾ ಸ್ಕೂಟರಿನ ಮೇಲೆ ಹೋಗಿ ಬರುವವನು ನಾನು. ಊರು ದಾಟಿದ ಮೇಲೆ ಹೆದ್ದಾರಿಯ ಪಕ್ಕ ಸಿಗುವ ಪೆಟ್ರೋಲ್ ಪಂಪಿನಲ್ಲಿ ಅಂದು ಗಾಡಿ ನಿಲ್ಲಿಸಿ, ಪ್ಲಾಸ್ಟಿಕ್ ಕವರು ಹಾಕಿದ ಸೀಟಿನಿಂದ ಸರ್ರನೆ ಜಾರಿ ಇಳಿದು, ಟಾಕಿಯ ಮುಚ್ಚಳಕ್ಕೆ ಕೈ ಹಾಕಿದ್ದೆ.

"ಏ ಮಾಸ್ತರೆ, ಕೈ ತೆಗೀರಿ! ಮೊದ್ಲು ಆ ಕಂಬ ಮುಟ್ಟಿ ಬನ್ನಿ."

ನಾನು ಮಾಸ್ತರ ಎಂದು ಆ ಪೆಟ್ರೋಲು ಹಾಕುವವರಿಗೆ ಹೇಗೆ ತಿಳಿಯಿತೋ. ಹೆಗಲಿಗೆ ಚೀಲ, ಕಿಸೆಯಲ್ಲಿ ಎರಡು ಪೆನ್ನು, ಮುಖದಲ್ಲಿ ಹೊತ್ತಾದ ಗಾಬರಿ ಇದ್ದವನನ್ನು ನಮ್ಮ ಕಡೆ ಇನ್ನೇನೆಂದು ತಿಳಿಯುತ್ತಾರೆ! ಮೂಲೆಯಲ್ಲಿ ಸೊಂಟದೆತ್ತರದ ಒಂದು ಕಬ್ಬಿಣದ ಕಂಬವಿತ್ತು. ಅದರ ಬುಡದಿಂದ ತಾಮ್ರದ ಪಟ್ಟಿಯೊಂದು ನೆಲದೊಳಗೆ ಹೋಗಿತ್ತು. ಯಾಕೆ ಮುಟ್ಟಬೇಕು ಎಂದು ಕೇಳಿದೆ. ಅವರು ಪೆಟ್ರೋಲಿನ ನಳಿಗೆಯನ್ನು ಅದರ ಜಾಗದಲ್ಲಿ ಸಿಕ್ಕಿಸಿ, ಆರಾಮಾಗಿ, ನನಗೆ ಪಾಠ ಹೇಳಿದರು. ಜನವರಿ ತಿಂಗಳು, ಘಟ್ಟದ ಕಡೆಯ ಒಣ ಗಾಳಿ. ನಿಮ್ಮ ಪ್ಯಾಂಟು ಟೆರಿಕಾಟು, ಸೀಟು ಪ್ಲಾಸ್ಟಿಕ್ಕು. ಎರಡೂ ಉಜ್ಜಿದವು. ಈಗ ನಿಮ್ಮ ಮೈತುಂಬ ಕರೆಂಟು ಕೂತಿದೆ. ಅದು ಇಳಿಯಲು ದಾರಿ ಹುಡುಕುತ್ತದೆ. ಆ ದಾರಿ ಟಾಕಿಯ ಬಾಯಿ ಆಗಬಾರದು, ಕಂಬ ಆಗಬೇಕು.

ಘರ್ಷಣೆಯಿಂದ ವಿದ್ಯುತ್ ಹುಟ್ಟುವ ಪಾಠವನ್ನು ಹದಿನೈದು ವರ್ಷ ಎಂಟನೆಯ ಇಯತ್ತೆಗೆ ಮಾಡಿದವನು ನಾನು. ಬಾಚಣಿಗೆ ತಲೆಗೆ ಉಜ್ಜಿ ಕಾಗದದ ಚೂರು ಎತ್ತಿಸಿ ಚಪ್ಪಾಳೆ ಗಿಟ್ಟಿಸಿದವನು. ಅಂಥವನಿಗೆ ಪಂಪಿನ ಮನುಷ್ಯ ಅದೇ ಪಾಠವನ್ನು ಪುಸ್ತಕವಿಲ್ಲದೆ ಒಪ್ಪಿಸಿದಾಗ ನನಗೆ ಸ್ವಲ್ಪ ಅವಮಾನವೇ ಆಯಿತು. ಹೋಗಿ ಕಂಬ ಮುಟ್ಟಿ ಬಂದೆ. ಚುಳ್ಳೆಂದಿತು.

"ಕಂಡ್ರಾ?" ಎಂದರು. ನಗಲಿಲ್ಲ. ಅವರು ನಗುವುದು ಕಡಿಮೆ.

ಆ ಕಂಬಕ್ಕೆ ಆಮೇಲೆ ಒದಗಿದ ಭಾಗ್ಯವನ್ನು ಹೇಳಲೇಬೇಕು. ಬಂದವರೆಲ್ಲ ಮೊದಲು ಅದನ್ನು ಮುಟ್ಟಬೇಕು ಎಂಬುದು ಅವರ ಕಟ್ಟಳೆ. ನಮ್ಮ ಜನಕ್ಕೆ ಮುಟ್ಟುವುದು ಎಂದರೆ ಬರೀ ಮುಟ್ಟಿ ಬಿಡುವುದಲ್ಲ. ಮುಟ್ಟಿದ ಕೈ ತಾನಾಗಿ ಕಣ್ಣಿಗೆ ಹೋಗುತ್ತದೆ. ಒಬ್ಬರು ಹಾಗೆ ಮಾಡಿದರು, ಹಿಂದೆ ನಿಂತವರು ನೋಡಿ ಹಾಗೇ ಮಾಡಿದರು. ಬೇಲೇಕೇರಿ ಕಡೆಯ ದೋಣಿಯವರು ಎಂಜಿನ್ನಿಗೆ ಎಣ್ಣೆ ಒಯ್ಯಲು ಕ್ಯಾನು ಹಿಡಿದು ಬರುತ್ತಿದ್ದರು. ಅವರಲ್ಲಿ ಯಾರೋ ಒಂದು ದಿನ ಕಂಬಕ್ಕೆ ಕುಂಕುಮ ಹಚ್ಚಿ ಹೋದರು. ಮರುವಾರ ಅಬ್ಬಲಿ ಹೂವಿನ ಮಾಲೆ ಬಿತ್ತು. ಆಯುಧಪೂಜೆಯ ದಿನ ನಾನು ಹೋದಾಗ ಕಾಯಿ ಒಡೆದಿತ್ತು, ಊದುಬತ್ತಿಯನ್ನು ಮಾತ್ರ ಅವರು ಕಿತ್ತು ರಸ್ತೆಯ ಆಚೆ ಎಸೆದಿದ್ದರು.

"ಇದೆಂತ ದೇವರು ಮಾರಾಯ್ರೆ?" ಎಂದು ತಮಾಷೆಗೆ ಕೇಳಿದೆ. "ನೀವಾದರೂ ಹೇಳಬಾರದಾ, ಇದು ಬರೀ ಕಬ್ಬಿಣ ಅಂತ?"

"ಎಂತಕ್ಕೆ ಹೇಳೂದು? ಸ್ಟಾಟಿಕ್ ಅಂದ್ರೆ ನಾಕು ಜನ ಮುಟ್ತ್ರು. ದೇವರು ಅಂದ್ರೆ ನಾಕೂರು ಮುಟ್ತದೆ. ಮುಟ್ಟೂದು ಮುಖ್ಯ." ನಳಿಗೆ ಎತ್ತಿಕೊಳ್ಳುತ್ತಾ ಸೇರಿಸಿದರು: "ಸುಳ್ಳೂ ಅಲ್ಲ ಮಾಸ್ತರೆ. ಆ ಪಟ್ಟಿ ಹೋಗಿ ಸೇರೂದು ಭೂಮಿತಾಯಿಗೇ."

ಉಜ್ಜಿ ಹುಟ್ಟುವ ಈ ವಿದ್ಯುತ್ತಿಗಿರುವ ಸ್ಟಾಟಿಕ್ ಎಂಬ ಇಂಗ್ಲಿಷ್ ಮಾತನ್ನು ಅವರು ಪಕ್ಕದ ಮನೆಯ ತಂಟೆಕೋರನ ಹೆಸರಿನ ಹಾಗೆ ಹೇಳುತ್ತಿದ್ದರು. ಸ್ಟಾಟಿಕ್ಕು ಮಳೆಗಾಲದಲ್ಲಿ ಮಲಗಿರ್ತದೆ. ಸ್ಟಾಟಿಕ್ಕು ಪುಷ್ಯಮಾಸದಲ್ಲಿ ಏಳ್ತದೆ. ಸ್ಟಾಟಿಕ್ಕಿಗೆ ಹತ್ತಿ ಅಂದ್ರೆ ಆಗೂದಿಲ್ಲ. ಪಂಪಿನವರು ಕೊಟ್ಟ ಸಮವಸ್ತ್ರ ಪಾಲಿಯೆಸ್ಟರಿನದು. ಅವರು ಅದನ್ನು ಒಮ್ಮೆಯೂ ಹಾಕಲಿಲ್ಲ. ಅದೇ ಬಣ್ಣದ ಹತ್ತಿಯ ಬಟ್ಟೆ ಹುಡುಕಿ, ಅಂಕೋಲಾದ ದರ್ಜಿಯ ಹತ್ತಿರ ಹೊಲಿಸಿಕೊಂಡಿದ್ದರು. ತೊಳೆದು ತೊಳೆದು ಅದರ ಬಣ್ಣ ಹಾರಿ, ಉಳಿದವರ ನಡುವೆ ಅವರೊಬ್ಬರು ಬೇರೆ ಪಂಪಿನವರ ಹಾಗೆ ಕಾಣುತ್ತಿದ್ದರು.

ಕ್ಯಾನಿನ ವಿಷಯದಲ್ಲಂತೂ ಅವರು ಯಮ. ರಿಕ್ಷಾದ ಸೀಟಿನ ಮೇಲೆ, ಸ್ಕೂಟರಿನ ಪಾದದ ಜಾಗದಲ್ಲಿ, ಟೆಂಪೋದ ಹಿಂದೆ, ಎಲ್ಲಿ ಕ್ಯಾನು ಇಟ್ಟು ತುಂಬಿ ಎಂದರೂ ಅವರದು ಒಂದೇ ಕೂಗು: "ನೆಲಕ್ಕಿಡಿ!" ಪ್ಲಾಸ್ಟಿಕ್ ಕ್ಯಾನು ಪೆಟ್ರೋಲಿಗೆ ಬೇಡವೇ ಬೇಡ, ಕಬ್ಬಿಣದ್ದು ತನ್ನಿ ಎಂದು ಹಿಂದೆ ಕಳಿಸಿದ್ದೂ ಉಂಟು. ಡಾಕ್ಟರು ಬಂದರೂ ಅಷ್ಟೇ, ಪೊಲೀಸರು ಬಂದರೂ ಅಷ್ಟೇ. ಅವಸರ ಮಾಡಿದವರಿಗೆ, "ಅವಸರ ಇದ್ದವ್ರು ಮುಂದಿನ ಪಂಪಿಗೆ ಹೋಗಿ, ಅಲ್ಲಿ ಬೇಗ ಸಾಯೂಕೆ ಆಗ್ತದೆ" ಎನ್ನುತ್ತಿದ್ದರು. ದೋಣಿಯವರು ಅವರ ಬೆನ್ನ ಹಿಂದೆ 'ನೆಲಕ್ಕಿಡಿ' ಎಂದೇ ಅವರನ್ನು ಕರೆಯುತ್ತಿದ್ದರು. ಅವರಿಗೂ ಗೊತ್ತಿತ್ತು. ಹೆಸರು ಬಿದ್ದರೆ ಬೀಳಲಿ, ಕ್ಯಾನು ನೆಲಕ್ಕೆ ಬಂತಲ್ಲ ಎಂಬ ಸಮಾಧಾನ.

ಇನ್ನೊಂದು ಅಭ್ಯಾಸವಿತ್ತು. ಅದನ್ನು ನಾನು ತಡವಾಗಿ ಗಮನಿಸಿದೆ. ಅವರು ಯಾರನ್ನಾದರೂ ಮುಟ್ಟುವ ಮೊದಲು ಏನಾದರೊಂದು ಕಬ್ಬಿಣ ಮುಟ್ಟುತ್ತಿದ್ದರು. ಚಹಾದ ಲೋಟ ಕೈಗೆ ಕೊಡುವ ಮೊದಲು ಕಿಟಕಿಯ ಸರಳು. ನನ್ನ ಮಗಳ ತಲೆ ಸವರುವ ಮೊದಲು ನಮ್ಮ ಗೇಟು. ಪಂಪಿನ ಹೊರಗೆ ಅದರ ಅಗತ್ಯವಿಲ್ಲ, ಚುಳ್ಳೆಂದರೆ ಯಾರೂ ಸಾಯುವುದಿಲ್ಲ ಎಂದು ನಾನು ಹೇಳಿದೆ. "ಇರ್ಲಿ ಮಾಸ್ತರೆ," ಎಂದರು. "ನನ್ನಿಂದ ಯಾರಿಗೂ ಎಂತದೂ ಹಾರೂದು ಬೇಡ." ಮುಟ್ಟಲು ಅವರಿಗೆ ಜನವಾದರೂ ಎಷ್ಟಿದ್ದರು?

ಅವರ ಕಥೆ ನನಗೆ ಗೊತ್ತಾದದ್ದು ಒಂದು ಮಳೆಗಾಲದ ಮಧ್ಯಾಹ್ನ. ಗಾಡಿ ಓಡಿಸಲಾಗದಷ್ಟು ಮಳೆ. ಪಂಪಿನ ಮಾಡಿನ ಕೆಳಗೆ ನಿಂತಿದ್ದೆ. ಗಿರಾಕಿಗಳಿರಲಿಲ್ಲ. ಅವರೇ ಹತ್ತಿರ ಬಂದು, ಬಹಳ ಹೊತ್ತು ಸಮುದ್ರದ ಕಡೆ ನೋಡಿ, ಕೇಳಿದರು:

"ಬೆಂಕಿ ಇಲ್ದೇ ಬೆಂಕಿ ಹತ್ತೂದು ನೀವು ಶಾಲೆಯಲ್ಲಿ ತೋರಿಸ್ತ್ರಾ?"

"ಕಿಡಿ ತೋರಿಸಬಹುದು," ಎಂದೆ. "ಯಾಕೆ?"

ಆಗ ಹೇಳಿದರು. ಅವರ ಹೆಂಡತಿಯ ತವರು ಹಿಲ್ಲೂರು. ಹೆಂಡತಿಯ ತಮ್ಮ ಒಂದು ಜನವರಿಯ ಬೆಳಿಗ್ಗೆ ಪಿಕಪ್ಪು ತೆಗೆದುಕೊಂಡು ಬಂದಿದ್ದ, ಹುಲ್ಲು ಕತ್ತರಿಸುವ ಯಂತ್ರಕ್ಕೆ ಪೆಟ್ರೋಲು ಬೇಕಿತ್ತು. ಗಾಡಿಯ ಹಿಂದೆ ಪ್ಲಾಸ್ಟಿಕ್ ತಾಡಪತ್ರಿ ಹಾಸಿತ್ತು, ಅದರ ಮೇಲೆ ಪ್ಲಾಸ್ಟಿಕ್ ಕ್ಯಾನು. ಘಟ್ಟದ ಆ ದಾರಿಯಲ್ಲಿ ಅಷ್ಟು ದೂರ ಕ್ಯಾನು ತಾಡಪತ್ರಿಯ ಮೇಲೆ ಉಜ್ಜಾಡುತ್ತಾ ಬಂದಿತ್ತು. 'ಭಾವಾ, ಬೇಗ ಹಾಕು, ಆಳು ಕಾಯ್ತವೆ' ಎಂದು ಅವನು ಗಾಡಿಯ ಮೇಲೇ ಹತ್ತಿ ಕ್ಯಾನು ಹಿಡಿದು ನಿಂತ. ಮನೆಯವನು, ಅವಸರದಲ್ಲಿದ್ದಾನೆ. ಇವರು ಇಳಿಸು ಎನ್ನಲಿಲ್ಲ. ನಳಿಗೆಯನ್ನು ಕ್ಯಾನಿನ ಬಾಯಿಗೆ ಒಯ್ದು ತುಂಬಿಸುತ್ತಿದ್ದಂತೆ ಚಟ್ ಎಂದಿತು. ಆಮೇಲೆ ಭುಗಿಲೆಂದಿತು.

ಬಕೆಟ್ಟಿನ ಮರಳು ಎರಚಿ ಬೆಂಕಿ ಆರಿಸಿದವರೂ ಇವರೇ. ಜೀವ ಉಳಿಯಿತು. ಹುಡುಗನ ಬಲಗೈಯ ಎರಡು ಬೆರಳು ಬೆಂದು ಒಂದಕ್ಕೊಂದು ಅಂಟಿಕೊಂಡವು, ಕೆನ್ನೆಯ ಮೇಲೆ ಕಲೆ ಉಳಿಯಿತು. ತಮ್ಮನ ಆರೈಕೆಗೆಂದು ಹೆಂಡತಿ ತವರಿಗೆ ಹೋದರು. ಅಷ್ಟರಲ್ಲಿ ಊರಿನಲ್ಲಿ ಮಾತು ಹುಟ್ಟಿಯಾಗಿತ್ತು: ಪಂಪಿನವನ ಬಾಯಲ್ಲಿ ಬೀಡಿ ಇತ್ತು. ಅವರು ಬೀಡಿ ಸೇದುತ್ತಿದ್ದದ್ದು ನಿಜ. ಊರಿಗೇ ಗೊತ್ತಿತ್ತು. ಬೆಂಕಿ ಹತ್ತಬೇಕಾದರೆ ಬೆಂಕಿ ಬೇಕು, ಬೀಡಿ ಸೇದುವವನು ಪಕ್ಕದಲ್ಲಿದ್ದಾನೆ, ಇನ್ನೇನು ಬೇಕು? ಅತ್ತೆ ಆಸ್ಪತ್ರೆಯ ಬಾಗಿಲಲ್ಲೇ ಎಲ್ಲರ ಎದುರು ಹೇಳಿದರಂತೆ: 'ತಪ್ಪಾತು, ಬೀಡಿ ಹಚ್ಚಿದ್ದೆ ಹೇಳಿ ಒಪ್ಕಂಡು, ಬಂದು ಕರೀಲಿ. ಮಗಳನ್ನ ಕಳಿಸ್ತೆ.'

ತವರಿಗೆ ಹೋದವಳು ಗಂಡ ಬಂದು ಕರೆಯದೆ ತಾನಾಗಿ ಹಿಂತಿರುಗುವ ಪದ್ಧತಿ ಆ ಮನೆಗಳಲ್ಲಿ ಇಲ್ಲ. ಗಂಡ ಹೋಗಬೇಕು, ಮೆಟ್ಟಿಲು ಹತ್ತಬೇಕು, ಕಾಲು ತೊಳೆದು ಒಳಗೆ ಕೂತು ಉಣ್ಣಬೇಕು, 'ನಡಿ' ಎನ್ನಬೇಕು.

"ಒಪ್ಪಿಕೊಂಡು ಬಿಡಬಹುದಿತ್ತಲ್ಲ," ಎಂದೆ ನಾನು, ಜಾಣನ ಹಾಗೆ. "ಒಂದು ಮಾತಿಗೆ ಏನು?"

ಅವರು ನನ್ನ ಕಡೆ ತಿರುಗಿದರು. ಸಿಟ್ಟಿರಲಿಲ್ಲ. "ಕ್ಯಾನು ಇಳಿಸ್ಲಿಲ್ಲ, ಅದು ನನ್ನ ತಪ್ಪು. ಸಾಯೂತನಕ ಒಪ್ಕಂತೆ. ಆದ್ರೆ ಹಚ್ಚದ ಬೀಡಿನ ಎಂತಕ್ಕೆ ಒಪ್ಪೂದು ಮಾಸ್ತರೆ? ಇವತ್ತು ಒಪ್ಕಂಡ್ರೆ ಅದೇ ಖರೆ ಆಗ್ತದೆ. ಆಮೇಲೆ ನಾನೇ ನಂಬ್ತೆ."

ವಿಚಾರಣೆಗೆ ಬಂದ ಎಣ್ಣೆ ಕಂಪನಿಯ ಸಾಹೇಬರು ಬೀಡಿ ಅಲ್ಲ, ಸ್ಟಾಟಿಕ್ ಎಂದು ಇಂಗ್ಲಿಷಿನಲ್ಲಿ ಬರೆದು ಹೋಗಿದ್ದರು. ಅದರ ಪ್ರತಿಯನ್ನು ಇವರು ಹಿಲ್ಲೂರಿಗೆ ಕಳಿಸಿದರು. 'ಕಂಪನಿಯವ್ರು ತಮ್ಮ ಮರ್ಯಾದಿ ಉಳಿಸ್ಕಳೂಕೆ ಬರ್ದದ್ದು' ಎಂದು ಅತ್ತೆ ಅದನ್ನು ಹಾಗೇ ವಾಪಸು ಕಳಿಸಿದರು. ಆ ದಿನದಿಂದ ಇವರು ಬೀಡಿಯನ್ನೂ ಬಿಟ್ಟರು, ಸಿಂಥೆಟಿಕ್ ಬಟ್ಟೆಯನ್ನೂ ಬಿಟ್ಟರು. ನಾನು ಕಥೆ ಕೇಳುವ ಹೊತ್ತಿಗೆ ಇದೆಲ್ಲ ಆಗಿ ಆರು ವರ್ಷವಾಗಿತ್ತು.

ಭಾವಿಕೇರಿಯ ಅವರ ಮನೆಗೆ ನಾನು ಹೋದದ್ದು ಒಮ್ಮೆ ಮಾತ್ರ, ಅದೂ ಒಂದು ಸಂಕ್ರಾಂತಿಯ ಮರುದಿನ, ಮನೆಯಲ್ಲಿ ಮಾಡಿದ ಎಳ್ಳುಂಡೆ ಕೊಡಲು. ಎರಡು ಕೋಣೆ, ಮುಂದೆ ಗದ್ದೆಯ ಬಯಲು. ಪ್ಲಾಸ್ಟಿಕ್ ಕುರ್ಚಿ ಇಲ್ಲ, ಪ್ಲಾಸ್ಟಿಕ್ ಬಕೆಟ್ಟಿಲ್ಲ, ಚಾಪೆ ಓಲೆಯದು. ಆದರೆ ಅಂಗಳದ ತಂತಿಯ ಮೇಲೆ ಸಾಲಾಗಿ ನೈಲಾನು, ಪಾಲಿಯೆಸ್ಟರು ಸೀರೆಗಳು. ಹಸಿರು, ಗುಲಾಬಿ, ಹೂವಿನವು. ಆ ಹತ್ತಿ ಅಂಗಿಯ ಮನುಷ್ಯ ಒಂದೊಂದನ್ನೇ ಬಿಸಿಲಿಗೆ ತಿರುವಿ ಹಾಕುತ್ತಿದ್ದರು. ಹೆಂಡತಿ ಬಿಟ್ಟು ಹೋದ ಟ್ರಂಕಿನವು. ವರ್ಷಕ್ಕೊಮ್ಮೆ ಒಣ ಗಾಳಿಯಲ್ಲಿ ಹೊರಗೆ ಹಾಕದಿದ್ದರೆ ಬೂಸಲು ಹಿಡಿಯುತ್ತದಂತೆ.

ನಾನು ಸಹಾಯಕ್ಕೆ ಕೈ ಹಾಕಿದೆ. ಎರಡು ಸೀರೆ ಒಂದಕ್ಕೊಂದು ಅಂಟಿಕೊಂಡಿದ್ದವು. ಬಿಡಿಸಿದರೆ ಚಟಚಟ ಎಂದವು. ಅವರು ಒಂದನ್ನು ಮಡಿಸಲು ಎತ್ತಿದಾಗ ಸೆರಗು ಹಾರಿ ಅವರ ತೋಳಿಗೆ ಸುತ್ತಿಕೊಂಡಿತು, ಮೊಣಕೈಯವರೆಗೆ, ಮೈಗೆ ಮೆತ್ತಿದ ಹಾಗೆ. ಅವರು ಅದನ್ನು ಬಿಡಿಸಲಿಲ್ಲ. ತೋಳು ಹಾಗೇ ಚಾಚಿಕೊಂಡು ನಿಂತರು.

"ವರ್ಷಕ್ಕೊಮ್ಮೆ ಹಿಡ್ಕಂತದೆ ಮಾಸ್ತರೆ," ಎಂದರು. ಅವರು ನಕ್ಕದ್ದನ್ನು ನಾನು ಕಂಡದ್ದು ಅವತ್ತು ಒಂದೇ ಸಲ.

ನನಗೆ ಅಳು ಬಂತು. ಮಾಸ್ತರನಾದವನು ಅಳಬಾರದು ಎಂದು ಎಳ್ಳುಂಡೆಯ ಡಬ್ಬಿ ತೆರೆದು ಗದ್ದಲ ಮಾಡಿದೆ.

ಹೊರಡುವಾಗ ಅವರು ಒಂದು ಕೆಲಸ ಕೇಳಿದರು. ನೀವು ಸೈನ್ಸಿನ ಮಾಸ್ತರು. ಹಿಲ್ಲೂರಿಗೆ ಬಂದು, ಅವರ ಕಣ್ಣೆದುರು, ಬೆಂಕಿಕಡ್ಡಿ ಇಲ್ಲದೆ ಕಿಡಿ ಹಾರಿಸಿ ತೋರಿಸಿ. ಕಾಗದ ನಂಬದವರು ಕಣ್ಣನ್ನು ನಂಬುತ್ತಾರೆ. "ಈಗ ಗಾಳಿ ಸರಿ ಅದೆ. ಈ ತಿಂಗಳೇ ಆಗ್ಬೇಕು. ಬೆಳಿಗ್ಗೆ ಹತ್ತರ ಮೇಲೆ, ಇಬ್ಬನಿ ಆರಿದ ಮೇಲೆ."

ಆಗಲಿ ಎಂದೆ. ಆದರೆ ಜನವರಿಯಲ್ಲಿ ಶಾಲೆಯ ವಾರ್ಷಿಕ ಗ್ಯಾದರಿಂಗ್; ನಾಟಕ ಕಲಿಸುವವನು ನಾನೇ. ಫೆಬ್ರುವರಿಯಲ್ಲಿ ಹತ್ತನೆಯವರ ಪರೀಕ್ಷೆಯ ತಯಾರಿ. ಮಾರ್ಚ್, ಏಪ್ರಿಲ್ ಪೇಪರ್ ತಿದ್ದುವುದು. ಮೇಯಲ್ಲಿ ನನ್ನ ಹೆಂಡತಿಯ ಕಡೆಯ ಮದುವೆ. ಅವರು ಪ್ರತಿ ಸಲ ಪೆಟ್ರೋಲು ಹಾಕುವಾಗ ನನ್ನ ಮುಖ ನೋಡುತ್ತಿದ್ದರೇ ಹೊರತು ಕೇಳುತ್ತಿರಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು, ಸಿಟ್ಟಾದರೂ ಮಾಡಿಕೊಳ್ಳಬಹುದಿತ್ತು. ಕೊನೆಗೆ ನನ್ನ ಮನಸ್ಸಾಕ್ಷಿ ಚುಚ್ಚಿ, ಜೂನ್ ಮೊದಲ ರವಿವಾರ ಹೊರಡೋಣ ಎಂದೆ.

"ಜೂನಾ?" ಎಂದರು ಅವರು. "ಸ್ಟಾಟಿಕ್ಕು ಮಲಗಿರ್ತದಲ್ಲ ಮಾಸ್ತರೆ."

"ಮಳೆ ಇನ್ನೂ ಬಂದಿಲ್ಲ. ನಾನು ಎಬ್ಬಿಸ್ತೇನೆ, ನೀವು ಬನ್ನಿ," ಎಂದೆ. ಜಂಬ ಎಂದರೆ ಅದು. ತೇವದ ಹವೆಯಲ್ಲಿ ಉಜ್ಜಿದ ವಿದ್ಯುತ್ ನಿಲ್ಲುವುದಿಲ್ಲ ಎಂದು ಪ್ರತಿ ವರ್ಷ ಹಲಗೆಯ ಮೇಲೆ ಬರೆದವನು ನಾನೇ.

ಸ್ಕೂಟರಿನ ಮೇಲೆ ಇಬ್ಬರೂ ಹೋದೆವು. ಅವರು ಹೊಸದಾಗಿ ಕ್ಷೌರ ಮಾಡಿಸಿಕೊಂಡಿದ್ದರು, ಇಸ್ತ್ರಿಯ ಬಿಳಿ ಅಂಗಿ ಹಾಕಿದ್ದರು. ಅರ್ಧ ದಾರಿಯಲ್ಲಿ ಮೋಡ ಕಟ್ಟಿತು, ಹಿಲ್ಲೂರು ಮುಟ್ಟುವಾಗ ಹನಿ ಶುರುವಾಯಿತು. ಮನೆಯ ಜಗಲಿಗೆ ಆರು ಮೆಟ್ಟಿಲು. ನಾನು ಹತ್ತಿದೆ. ಅವರು ಕೆಳಗೆ ಅಂಗಳದಲ್ಲೇ, ಕೊಡೆ ಹಿಡಿದು ನಿಂತರು.

"ಮ್ಯಾಲೆ ಬನ್ನಿ ಭಾವಾ, ಮಳೆ," ಎಂದ ಅವರ ಹೆಂಡತಿಯ ತಮ್ಮ. ಅವನ ದನಿಯಲ್ಲಿ ದ್ವೇಷವೇನೂ ಇರಲಿಲ್ಲ.

"ಮಾಸ್ತರು ತೋರಿಸ್ಲಿ. ಆಮೇಲೆ ಹತ್ತತೆ," ಎಂದರು ಅವರು.

ನಾನು ಪ್ಲಾಸ್ಟಿಕ್ ಪೈಪು ತೆಗೆದೆ, ಉಣ್ಣೆಯ ಬಟ್ಟೆ ತೆಗೆದೆ, ಕಾಗದ ಚೂರು ಮಾಡಿ ನೆಲದ ಮೇಲೆ ಹರಡಿದೆ. ಉಜ್ಜಿದೆ. ಚೂರುಗಳು ಅಲುಗಲಿಲ್ಲ. ಮತ್ತೆ ಉಜ್ಜಿದೆ. ಅತ್ತೆ ಕಂಬಕ್ಕೆ ಒರಗಿ ನೋಡುತ್ತಿದ್ದರು. ಬಾಗಿಲ ಸಂದಿನಲ್ಲಿ ಒಂದು ಹಸಿರು ಸೀರೆ ಕಾಣುತ್ತಿತ್ತು. ಅದು ಅವರ ಹೆಂಡತಿ ಎಂದು ಯಾರೂ ಹೇಳಬೇಕಾಗಿರಲಿಲ್ಲ. ನಾನು ಬೆವತೆ. ಪೈಪು ಬಿಸಿಯಾಯಿತೇ ಹೊರತು ಒಂದು ಚೂರೂ ಏಳಲಿಲ್ಲ. ಮಳೆ ಜೋರಾಯಿತು. ಕಾಗದದ ಚೂರುಗಳು ಎರಚಲಿಗೆ ಒದ್ದೆಯಾಗಿ ನೆಲಕ್ಕೆ ಅಂಟಿದವು.

"ಆತಾ ಮಾಸ್ತರೆ?" ಎಂದರು ಅತ್ತೆ. "ಬನ್ನಿ, ಚಾ ಕುಡೀರಿ. ಪಾಪ, ಸುಸ್ತಾಗಿದ್ರಿ."

ಬೈದಿದ್ದರೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ. ಹವೆ, ತೇವಾಂಶ ಎಂದು ಏನೋ ತೊದಲಿದೆ. ಅಷ್ಟರಲ್ಲಿ ಅವರ ಹೆಂಡತಿ ಬಾಗಿಲಿನಿಂದ ಹೊರಗೆ ಬಂದು, ಅಂಗಳದ ಕಡೆ ನೋಡುತ್ತಾ ಕೇಳಿದರು: "ಊಟ ಮಾಡ್ಕಂಡು ಹೋಗ್ತ್ರಾ?"

ಅಂಗಳದಲ್ಲಿದ್ದವರು ಬಾಯಿ ತೆರೆಯುವ ಮೊದಲೇ ನಾನು ಹೇಳಿಬಿಟ್ಟೆ. "ಇಲ್ಲ ಅಕ್ಕಾ, ಇವತ್ತು ಬೇಡ. ಜನವರಿಯಲ್ಲಿ ಮತ್ತೊಮ್ಮೆ ಬರ್ತೇವೆ." ಪೈಪನ್ನು ಚೀಲಕ್ಕೆ ತುರುಕಿ, ಮೆಟ್ಟಿಲಿಳಿದು, ಅವರ ರಟ್ಟೆ ಹಿಡಿದು ಎಳೆದುಕೊಂಡೇ ಬಂದೆ. ದಾರಿಯುದ್ದಕ್ಕೂ ನೆನೆದೆವು. ಅವರು ಹಿಂದೆ ಕೂತು ಒಂದೇ ಮಾತು ಹೇಳಿದರು: "ನಿಮ್ಮ ತಪ್ಪಲ್ಲ ಮಾಸ್ತರೆ. ಗಾಳಿ ತಪ್ಪು."

ಆ ಜನವರಿ ನಾನು ಹೋಗಲಿಲ್ಲ. ಇನ್ನೊಮ್ಮೆ ಸೋತರೆ ಎಂಬ ಅಳುಕು. ನೆಪಗಳಿಗೇನು ಬರ, ಕೇಳಿದರೆ ಈಗಲೂ ಪಟ್ಟಿ ಕೊಟ್ಟೇನು. ಅದರ ಮುಂದಿನ ಜನವರಿಯೂ ಹಾಗೇ ಹೋಯಿತು. ನಾನು ಪೆಟ್ರೋಲು ಬೇರೆ ಕಡೆ ಹಾಕಿಸಲು ಶುರು ಮಾಡಿದ್ದೆ ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೆ ಅದು ನಿಜ. ಆ ಪಂಪಿನ ಮುಂದೆ ಹಾದು ಹೋಗುವಾಗ ಹೆಲ್ಮೆಟ್ಟಿನ ಗಾಜು ಇಳಿಸಿಕೊಳ್ಳುತ್ತಿದ್ದೆ. ಅವರು ಗುರುತು ಹಿಡಿದು ಕೈ ಎತ್ತುತ್ತಿದ್ದರು.

ಹೋದ ನವೆಂಬರಿನಲ್ಲಿ ಅವರು ಪಾಳಿಗೆ ಬರಲಿಲ್ಲ. ಇಷ್ಟು ವರ್ಷದಲ್ಲಿ ಹೇಳದೆ ತಪ್ಪಿಸಿದವರೇ ಅಲ್ಲ. ಜೊತೆಯ ಕೆಲಸದವನು ಭಾವಿಕೇರಿಗೆ ಹೋಗಿ ನೋಡಿದಾಗ ಚಾಪೆಯ ಮೇಲೆ ಮಲಗಿದ್ದವರು ಹಾಗೇ ಹೋಗಿದ್ದರು. ಹಿಲ್ಲೂರಿನಿಂದ ಹೆಂಡತಿ, ಅವರ ತಮ್ಮ ಬಂದಿದ್ದರಂತೆ. ನಾನು ತರಬೇತಿಯೆಂದು ಧಾರವಾಡದಲ್ಲಿದ್ದೆ. ಎಲ್ಲ ಮುಗಿದ ಮೇಲೆ ತಿಳಿಯಿತು.

ಈ ಜನವರಿಯಲ್ಲಿ ಹೋದೆ. ಸತ್ತ ಮೇಲೆ ಹೋಗಿ ಮಾಡುವುದೇನು ಎಂದು ನನ್ನ ಹೆಂಡತಿ ಕೇಳಿದಳು. ಅವರ ಹೆಸರಿನ ಮೇಲಿನ ಬೀಡಿಯನ್ನಾದರೂ ಆರಿಸಿ ಬರುತ್ತೇನೆ ಎಂದೆ. ಶನಿವಾರ, ಹತ್ತು ಗಂಟೆ, ಇಬ್ಬನಿ ಆರಿತ್ತು. ತುಟಿ ಒಡೆಯುವಂಥ ಗಾಳಿ. ಅದೇ ಜಗಲಿ. ಅತ್ತೆ ಈಗ ಹಣ್ಣಾಗಿ ಮೂಲೆಯಲ್ಲಿ ಕಂಬಳಿ ಹೊದ್ದು ಕೂತಿದ್ದರು. ತಮ್ಮ ಬಂದು ಎದುರು ಕುಳಿತ. ಅವರ ಹೆಂಡತಿ ಈ ಸಲ ಬಾಗಿಲ ಹಿಂದೆ ನಿಲ್ಲಲಿಲ್ಲ, ಹೊಸ್ತಿಲ ಮೇಲೆ ಕೂತರು.

ಪ್ಲಾಸ್ಟಿಕ್ ಹಾಳೆಯನ್ನು ಉಣ್ಣೆಯಿಂದ ಉಜ್ಜಿದೆ. ಅದರ ಮೇಲೆ, ಹಿಡಿಯಾಗಿ ಪ್ಲಾಸ್ಟಿಕ್ ಡಬ್ಬಿ ಅಂಟಿಸಿದ ಒಂದು ಸ್ಟೀಲಿನ ತಟ್ಟೆ ಇಟ್ಟು, ತಟ್ಟೆಯನ್ನು ಒಮ್ಮೆ ಬೆರಳಿನಿಂದ ಮುಟ್ಟಿ, ಹಿಡಿಯಿಂದ ಮೇಲೆತ್ತಿ, "ಮುಟ್ಟಿ ನೋಡಿ," ಎಂದೆ. ತಮ್ಮ ತನ್ನ ಅಂಟಿದ ಬೆರಳುಗಳನ್ನೇ ಚಾಚಿದ. ಮುಟ್ಟುವ ಮೊದಲೇ, ಜಗಲಿಯ ನೆರಳಿನಲ್ಲಿ, ನೀಲಿಯಾಗಿ ಒಂದು ಎಳೆ ಹಾರಿತು. ಚಟ್.

ಅವನ ಮುಖ ಬಿಳಿಚಿತು. "ಇದೇ ಸಪ್ಪಳ," ಎಂದ. "ಇದೇ ಸಪ್ಪಳ ಮಾಸ್ತರೆ. ಆವತ್ತು ಮೊದ್ಲು ಇದೇ ಕೇಳಿತ್ತು." ಮತ್ತೆ ಮಾಡಲು ಹೇಳಿದ. ಮೂರು ಸಲ ಮಾಡಿಸಿ, ಮೂರು ಸಲವೂ ಮುಟ್ಟಿದ. ಆಮೇಲೆ ಮೂಲೆಗೆ ತಿರುಗಿ ಜೋರಾಗಿ ಹೇಳಿದ: "ಅಮ್ಮಾ, ಭಾವ ಸುಳ್ಳು ಹೇಳ್ಲಿಲ್ಲಾಗಿತ್ತು."

ಅತ್ತೆಗೆ ಕೇಳಿಸಿತೋ ಇಲ್ಲವೋ. ಕಂಬಳಿಯನ್ನು ಇನ್ನಷ್ಟು ಎಳೆದುಕೊಂಡರು.

ನನಗೆ ಒಳಗೊಳಗೇ ಗೆದ್ದ ಹಾಗಾಗಿತ್ತು. ತಡವಾದರೂ ಮಾತು ಉಳಿಸಿದೆ ಎಂಬ ಸಣ್ಣ ಹೆಮ್ಮೆಯಿಂದ ಹೊಸ್ತಿಲ ಕಡೆ ನೋಡಿ, "ಅಕ್ಕಾ, ಕಂಡ್ರಲ್ಲ? ಅವರು ಬೀಡಿ ಹಚ್ಚಿರಲಿಲ್ಲ," ಎಂದೆ.

"ನಂಗೆ ಗೊತ್ತಿತ್ತು," ಎಂದರು ಅವರು.

ನಾನು ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟೆ.

"ಅವ್ರು ಕೆಲ್ಸಕ್ಕೆ ಹೋಗುವಾಗ ಬೀಡಿ ಕಟ್ಟು, ಕಡ್ಡಿಪೆಟ್ಟಿಗೆ ಎರಡೂ ಮನೆಯಲ್ಲೇ ಇಟ್ಟು ಹೋಗೂದು. ಆ ದಿನ ಸುದ್ದಿ ಬಂದಾಗ್ಲೂ ಗೋಡೆ ಗೂಡಲ್ಲೇ ಇತ್ತು. ನನ್ನ ಕಣ್ಣೆದುರಿಗೇ. ಅಮ್ಮಗೆ ಹೇಳ್ದೆ, 'ಗಂಡನ ಪರ ಮಾತಾಡ್ತಿ' ಅಂದ್ರು."

"ಅವರಿಗೆ ಹೇಳಲಿಲ್ಲವೇ?"

"ಅವ್ರು ಕೇಳ್ಬೇಕಲ್ಲ ಮಾಸ್ತರೆ? ಊರಿಗೆಲ್ಲ ಸಾಬೀತು ಮಾಡೂಕೆ ಹೊರಟ್ರು. 'ನೀ ನಂಬ್ತ್ಯಾ?' ಹೇಳಿ ನನ್ನ ಒಂದ್ ಮಾತು ಕೇಳ್ಲೇ ಇಲ್ಲ." ಅವರು ತಟ್ಟೆಯನ್ನು, ಉಣ್ಣೆಯ ಬಟ್ಟೆಯನ್ನು ನೋಡಿದರು, ಅವುಗಳಿಂದ ತಮಗೇನೂ ಆಗಬೇಕಾಗಿಲ್ಲ ಎಂಬ ಹಾಗೆ. "ನೀವು ಬಂದಿದ್ರಲ್ಲ, ಜೂನಲ್ಲಿ. ಅವ್ರು ಬರ್ತ್ರು ಹೇಳಿ ಮುಂಚಿನ ದಿನವೇ ತಿಳ್ದಿತ್ತು. ಕಿಡಿ ಹಾರ್ಲಿ, ಹಾರದೇ ಇರ್ಲಿ, ಅನ್ನಕ್ಕೆ ಕೂರಿಸಿ ಅವ್ರ ಸಂಗಡವೇ ಮನೆಗೆ ಹೋಗೂದು ಹೇಳಿ ಬಟ್ಟೆ ಗಂಟು ಕಟ್ಟಿ ಬಾಗಿಲ ಹಿಂದೆ ಇಟ್ಕಂಡಿದ್ದೆ. ಅದಕ್ಕೇ ಊಟಕ್ಕೆ ಕೇಳ್ದೆ."

ನಾನು ತಟ್ಟೆ, ಬಟ್ಟೆಗಳನ್ನು ಚೀಲಕ್ಕೆ ಹಾಕತೊಡಗಿದೆ.

"ಅವ್ರು ಹೂಂ ಅನ್ನೂಕೇ ಬಾಯಿ ತೆಗ್ದಿದ್ರು," ಎಂದರು. "ನೀವು ಬೇಡ ಅಂದ್ರಿ."